ಮಗ್ಗದ ಗೋಡೆಯ ಪಕ್ಕ

ತೊಂಬತ್ತೊಂದನೆಯ ಇಸವಿ, ಆಷಾಢದ ಎರಡನೆಯ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ದೊಡ್ಡಬಳ್ಳಾಪುರದ ಛತ್ರವೊಂದರ ಹಿಂದಿನ ಕೋಣೆಯಲ್ಲಿ ಹಾಜರಿದ್ದವರು: ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುವ ಮನೋರೋಗದ ಡಾಕ್ಟರು, ರಿಜಿಸ್ಟರ್ ಹಿಡಿದ ನಾನು, ಒಂಬತ್ತು ಮಂದಿ ರೋಗಿಗಳು. ಹತ್ತನೆಯಾಕೆ ಇನ್ನೂ ಹೊಸ್ತಿಲಿನಾಚೆ ನಿಂತಿದ್ದಳು. ಮುಖಕ್ಕಿಂತ ಮೊದಲು ಕಂಡದ್ದು ಬಾಗಿಲಿನ ಚೌಕಟ್ಟು ಹಿಡಿದಿದ್ದ ಆಕೆಯ ಕೈ. ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಉಳಿದ ಮೂರು ಬೆರಳು ಸ್ವಚ್ಛವಾಗಿದ್ದವು.

ನಾನು ಸರ್ಕಾರಿ ಆಸ್ಪತ್ರೆಯ ನರ್ಸು. ಕೊಳೆಯಾದ ಕೈಗಳನ್ನು ಸಾಕಷ್ಟು ನೋಡಿದ್ದೆ. ಎರಡೇ ಬೆರಳಿಗೆ ಅಂಟಿದ ಕೊಳೆಯನ್ನು ನೋಡಿರಲಿಲ್ಲ.

"ಏನಮ್ಮ ಅದು ಬೂದಿ? ಯಾರಾದ್ರೂ ಮಂತ್ರಿಸಿ ಕೊಟ್ರಾ?"

"ಕೆಲ್ಸದ್ದು," ಎಂದಳು. ಮಾತಿನಲ್ಲಿ ತೆಲುಗಿನ ಎಳೆತವಿತ್ತು.

ಆಕೆಯ ಹಿಂದೆ ನಿಂತಿದ್ದ ಮಗ್ಗದ ಯಜಮಾನರು ವಿವರಿಸಿದರು. "ನಮ್ಮಲ್ಲಿ ಅಚ್ಚು ಕೆಚ್ತಾಳೆ ಸಿಸ್ಟರಮ್ಮ. ಕೆಲ್ಸ ಅಂದ್ರೆ ದೇವರ ಕೈ. ಆದ್ರೆ ಒಂದೊಂದ್ ದಿನ ಒಬ್ಬಳೇ ಯಾರ ಜೊತೆಗೋ ಜಗಳ ಆಡ್ತಾಳೆ. ಕೂಲಿ ಹೆಣ್ಮಕ್ಳು ಹೆದರ್ಕೋತಾರೆ."

ಕೆಚ್ಚುವುದು ಎಂದರೆ ಏನೆಂದು ಆ ಊರಿನಲ್ಲಿ ಯಾರೂ ಕೇಳುವುದಿಲ್ಲ. ನಾನು ಹೊರಗಿನಿಂದ ವರ್ಗವಾಗಿ ಬಂದವಳು, ಕೇಳಿದೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದೆಳೆಗಳ ಸಾಲು, ನೆಯ್ದು ಮುಗಿಯುವ ಹೊತ್ತಿಗೆ ಅದರ ಕೊನೆಯ ಎಳೆಗಳನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಬೆರಳಲ್ಲಿ ಹೊಸೆದು ಸೇರಿಸಬೇಕು. ಅಂಥವು ಸಾವಿರಾರು. ಜಾರುವ ರೇಷ್ಮೆ ಹಿಡಿತಕ್ಕೆ ಸಿಗಲೆಂದು ಬೆರಳಿಗೆ ಬೂದಿ. ಗಂಟು ಹಾಕುವಂತಿಲ್ಲ, ಬರೀ ಹೊಸೆತ. ಆ ಕೆಲಸದಿಂದಲೇ ನಾವೆಲ್ಲ ಆಕೆಯನ್ನು ಕೆಚ್ಚುವಾಕೆ ಎಂದೆವು.

ರಿಜಿಸ್ಟರಿನಲ್ಲಿ ಊರು ಎಂಬ ಕಲಮಿತ್ತು.

"ಯಾವೂರಮ್ಮ?"

"ಇಲ್ಲೇ."

"ಇಲ್ಲೇ ಅಂದ್ರೆ?"

"ಇಲ್ಲೇ ನಿಂತಿದೀನಲ್ಲ, ಕಾಣಲ್ವಾ?"

ಒಂಬತ್ತು ಮಂದಿಯೂ ನಕ್ಕರು. ನಾನು ನಗಲಿಲ್ಲ. ಊರು ಹೇಳದವರು ಏನನ್ನೋ ಮುಚ್ಚಿಡುತ್ತಾರೆ ಎಂಬುದು ನನ್ನ ಲೆಕ್ಕ. ಯಜಮಾನರೇ ತಗ್ಗಿದ ದನಿಯಲ್ಲಿ ಹೇಳಿದರು: ಹಿಂದೂಪುರದಿಂದಾಚೆ ಒಂದು ಹಳ್ಳಿ, ಗಂಡನ ಮನೆಯವರು ಹಿತ್ತಿಲ ಕೋಣೆಯಲ್ಲಿ ಎರಡು ಮಳೆಗಾಲ ಕೂಡಿಹಾಕಿದ್ದರು, ತಪ್ಪಿಸಿಕೊಂಡು, ನೇಯ್ಗೆಯ ಕೆಲಸ ಹುಡುಕಿಕೊಂಡು ಬಂದವಳು. "ಮಾತ್ರೆ ತಗೊಂಡು ಸರಿಯಾಗಿದ್ರೆ ಇರ್ಲಿ. ಇಲ್ದಿದ್ರೆ ಬಸ್ ಹತ್ತಿಸಿ ವಾಪಸ್ ಕಳಿಸ್ಬಿಡ್ತೀನಿ. ನಂಗೂ ಮಗ್ಗ ನಡೀಬೇಕಲ್ಲ."

ಕೆಚ್ಚುವಾಕೆಗೆ ಅದು ಕೇಳಿಸಿತು. ಆಕೆ ಚೌಕಟ್ಟನ್ನು ಎರಡು ಸಲ ಎಳೆದು ನೋಡಿ, ಗಟ್ಟಿಯಿದೆ ಎಂದು ಖಾತ್ರಿಯಾದ ಮೇಲೆ ಒಳಗೆ ಕಾಲಿಟ್ಟಳು.

ಎಳೆದು ನೋಡುವುದು ಆಕೆಯ ಅಭ್ಯಾಸ. ಕೆಚ್ಚಿದ ಪ್ರತಿ ಎಳೆಯನ್ನೂ ಒಮ್ಮೆ ಮೆಲ್ಲಗೆ ಎಳೆದು ಮುಂದಿನದಕ್ಕೆ ಹೋಗುವವಳು ಲೋಕವನ್ನೂ ಹಾಗೇ ಪರೀಕ್ಷಿಸುತ್ತಿದ್ದಳು. ಬಾಗಿಲ ಚಿಲಕ, ಚಾಪೆಯ ಅಂಚು, ಡಾಕ್ಟರ ಚೀಲದ ಪಟ್ಟಿ, ಎಲ್ಲವನ್ನೂ ಎಳೆಯುವಳು. ಯಾಕೆಂದು ಡಾಕ್ಟರು ಕೇಳಿದಾಗ ಹೇಳಿದಳು: "ಕಣ್ಣಿಗೆ ಎಲ್ಲಾ ಎಳೇನೂ ಸೇರಿದಂಗೇ ಕಾಣ್ತವೆ ಸಾರ್. ಎಳ್ದಾಗ್ಲೇ ಗೊತ್ತಾಗೋದು."

ಮಾತ್ರೆಯನ್ನು ಎಳೆಯಲಾಗುವುದಿಲ್ಲವಲ್ಲ. ಅದಕ್ಕೆ ಬೇರೆ ಉಪಾಯ ಹೂಡಿದಳು. ನಾನು ನೀರಿನ ಚೊಂಬು ಮುಂದೆ ಹಿಡಿದರೆ ಬಾಯಿ ಬಿಡದೆ ನನ್ನ ಮುಖವನ್ನೇ ನೋಡುವಳು. "ನೀವು ಮೊದ್ಲು ಕುಡೀರಿ." ನಾನು ಎತ್ತಿ ಒಂದು ಗುಟುಕು ಕುಡಿಯಬೇಕು. ಗಂಟಲು ಇಳಿದದ್ದನ್ನು ನೋಡಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಮಾತ್ರೆ ಬಾಯಿಗೆ. ಗುರುತಿಗಾಗಿ ನಾನು ಚೊಂಬಿನ ಕಂಠಕ್ಕೆ ಕೆಂಪು ದಾರ ಕಟ್ಟಿದೆ. ಅದನ್ನೂ ಎಳೆದು ನೋಡಿದಳು.

ನಾನು ಬೆಳೆದದ್ದು ಗಂಟೆ ಹೊಡೆಯುವ ಹಾಸ್ಟೆಲಿನಲ್ಲಿ. ಐದಕ್ಕೆ ಏಳುವುದು, ಐದೂಕಾಲಿಗೆ ಹಾಸಿಗೆ ಮಡಿಸುವುದು, ಮಡಿಕೆಯ ಅಂಚು ಗೋಡೆಯ ಕಡೆಗಿರಬೇಕು. ತರಬೇತಿಯಲ್ಲೂ ಅದೇ, ವಾರ್ಡಿನಲ್ಲೂ ಅದೇ. ಡಾಕ್ಟರು ಬರುವ ದಿನ ಬಿಟ್ಟರೆ, ಆಸ್ಪತ್ರೆಯ ಬೆಳಗಿನ ಡ್ಯೂಟಿ ಮುಗಿಸಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಛತ್ರದ ಕೋಣೆ ತೆರೆಯುವುದನ್ನು ನಾನಾಗಿಯೇ ವಹಿಸಿಕೊಂಡಿದ್ದೆ. ಮನೆಯಲ್ಲಿ ಮಾತ್ರೆ ಕೊಡುವವರಿಲ್ಲದ ಹತ್ತು ಜನ ಅಲ್ಲಿಗೆ ಬಂದು ನನ್ನೆದುರು ನುಂಗಬೇಕು. ಹತ್ತಕ್ಕಿಂತ ಹೆಚ್ಚು ಜನಕ್ಕೆ ಜಾಗವಿರಲಿಲ್ಲ, ಸರದಿಯಲ್ಲಿ ಕಾಯುವವರಿದ್ದರು. ಅದಕ್ಕೇ ಒಂದು ನಿಯಮ ಮಾಡಿದ್ದೆ: ಒಂದು ವಾರದಲ್ಲಿ ಮೂರು ದಿನ ತಪ್ಪಿಸಿದವರ ಹೆಸರು ಹೊಡೆದುಹಾಕುವುದು.

ಕೆಚ್ಚುವಾಕೆ ಒಂದು ದಿನ ಬಂದರೆ ಮಾರನೆಯ ದಿನ ಇಲ್ಲ. ಎರಡು ವಾರ ಸಹಿಸಿದೆ. ಮೂರನೆಯ ವಾರ ನನಗೊಂದು ವಿಷಯ ಹೊಳೆಯಿತು. ಆಗ ನಮ್ಮ ಬಡಾವಣೆಗೆ ದಿನ ಬಿಟ್ಟು ದಿನ ಎರಡರಿಂದ ನಾಲ್ಕರವರೆಗೆ ಕರೆಂಟ್ ತೆಗೆಯುತ್ತಿದ್ದರು. ಆಕೆ ಬರುತ್ತಿದ್ದುದು ಆ ದಿನಗಳಲ್ಲಿ ಮಾತ್ರ. ಕರೆಂಟ್ ಇದ್ದರೆ ಕೆಲಸ, ಇಲ್ಲದಿದ್ದರೆ ನಮ್ಮ ಕೋಣೆಯ ಚಾಪೆ! ಕಾಯಿಲೆಯೇನಿಲ್ಲ, ಹೊತ್ತು ಕಳೆಯಲು ಬರುತ್ತಾಳೆ ಎಂದು ತೀರ್ಮಾನಿಸಿದೆ.

ನನ್ನ ಅನುಮಾನಕ್ಕೆ ಯಜಮಾನರೂ ಗೊಬ್ಬರ ಹಾಕಿದ್ದರು. ಮಗ್ಗದ ಮನೆಯ ಪಕ್ಕದಲ್ಲಿ ಕೂಲಿಯವರಿಗೆಂದು ನಾಲ್ಕು ಕೋಣೆಗಳಿದ್ದವು. ಬೇರೆ ಊರಿಂದ ಬಂದವರೆಲ್ಲ ಸದ್ದು ತಡೆಯಲಾರದೆ ದೂರದ ಕೋಣೆಗೆ ಕಿತ್ತಾಡುವಾಗ ಈಕೆ ಮಗ್ಗಕ್ಕೆ ಅಂಟಿದ ಗೋಡೆಯ ಕೋಣೆಯನ್ನೇ ಕೇಳಿ ಪಡೆದಿದ್ದಳು. "ಗೋಡೆಗೆ ಕಿವಿ ಆನಿಸ್ಕೊಂಡೇ ಕೂತಿರ್ತಾಳೆ ಸಿಸ್ಟರಮ್ಮ. ಯಾವ ಮಗ್ಗದಲ್ಲಿ ಯಾವ ಸೀರೆ ಬಿಟ್ಟಿದೀವಿ ಅಂತ ಕದ್ದು ಕೇಳಿ ಎದುರು ಬೀದಿಯೋರಿಗೆ ಹೇಳ್ತಾಳೋ ಏನೋ. ಈ ಕಾಲದಲ್ಲಿ ಡಿಸೈನು ಕದಿಯೋರು ಎಲ್ಲಿಂದ ಬರ್ತಾರೆ ಹೇಳಕ್ಕಾಗಲ್ಲ."

ಗೋಡೆಯ ಮೂಲಕ ಸೀರೆಯ ಡಿಸೈನು ಹೇಗೆ ಕೇಳಿಸುತ್ತದೆ ಎಂದು ಅವರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಅನುಮಾನಕ್ಕೆ ಅಷ್ಟು ಪುರಾವೆ ಬೇಕಾಗುವುದೂ ಇಲ್ಲ.

ಒಂದು ಮಂಗಳವಾರ ಸಂಜೆ ಕೆಂಪು ಮಸಿಯಲ್ಲಿ ಆಕೆಯ ಹೆಸರಿನ ಮೇಲೆ ಗೆರೆ ಎಳೆದೆ. ಹೆಸರು ಹೊಡೆದರೆ ಕರೆತಂದವರಿಗೆ ತಿಳಿಸಬೇಕು, ಅದೂ ನನ್ನದೇ ನಿಯಮ. ಮಾರನೆಯ ದಿನ ಒಂದೂವರೆಗೆ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಮಗ್ಗದ ಮನೆಗೆ ಹೋದೆ. ಹನ್ನೊಂದು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ನೆಲ ಅದುರುತ್ತಿತ್ತು. ಹನ್ನೆರಡನೆಯದನ್ನು ನಿಲ್ಲಿಸಿಕೊಂಡು, ಅದರ ಹಿಂದೆ ಮಣೆಯ ಮೇಲೆ ಕುಳಿತು ಆಕೆ ಕೆಚ್ಚುತ್ತಿದ್ದಳು. ಮುಖದಲ್ಲಿ ಒಂದು ಗೆರೆಯೂ ಇಲ್ಲ. ಎರಡು ಎಳೆ ಹಿಡಿಯುವುದು, ಬೂದಿ ಮುಟ್ಟುವುದು, ಹೊಸೆಯುವುದು, ಎಳೆಯುವುದು. ವಾರ್ಡಿನಲ್ಲಿ ನನ್ನ ಕೈಕೆಳಗೆ ಇಷ್ಟು ಕ್ರಮವಾಗಿ ಕೆಲಸ ಮಾಡಿದ ನರ್ಸೊಬ್ಬಳೂ ಇರಲಿಲ್ಲ. ಸರಿ, ಸಿಕ್ಕಿಬಿದ್ದಳು ಎಂದುಕೊಂಡೆ.

ಯಜಮಾನರ ಕಿವಿಯ ಹತ್ತಿರ ಬಾಗಿ ಕೂಗಿದೆ. "ನೋಡಿ ಯಜಮಾನ್ರೆ, ಚೆನ್ನಾಗೇ ಇದಾಳೆ! ಕರೆಂಟ್ ಇಲ್ದೆ ಕೆಲ್ಸ ನಿಂತಾಗ ಮಾತ್ರ ನಮ್ಮಲ್ಲಿಗೆ ಬರ್ತಾಳೆ! ಹೆಸರು ತೆಗ್ದಿದೀನಿ!"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಕೆಚ್ಚೋಕೆ ಕರೆಂಟ್ ಯಾಕೆ ಸಿಸ್ಟರಮ್ಮ? ಬೆರಳು ಸಾಕಲ್ಲ! ಕರೆಂಟ್ ಹೋದ್ರೆ ನೇಯೋರು ಸುಮ್ನೆ ಕೂರ್ತಾರೆ, ಕೆಚ್ಚೋರ್ಗೆ ಯಾವ ರಜಾನೂ ಇಲ್ಲ. ಈಯಮ್ಮನೇ ಆ ಹೊತ್ತಿಗೆ ಎದ್ದು ಓಡ್ಬಿಡ್ತಾಳೆ. ನಿಮ್ಮತ್ರ ಹೋಗ್ತಾಳೆ ಅಂತ ನಾನೂ ಬಿಟ್ಟಿದ್ದೆ."

ಅದು ತಲೆಗೆ ಇಳಿಯುವ ಮೊದಲೇ ಎರಡು ಗಂಟೆಯಾಯಿತು. ಕರೆಂಟ್ ಹೋಯಿತು.

ಹನ್ನೊಂದು ಮಗ್ಗಗಳು ಒಂದೇ ಏಟಿಗೆ ನಿಂತವು. ಪಕ್ಕದ ಮನೆಯವು, ಎದುರು ಮನೆಯವು, ಇಡೀ ಬೀದಿಯವು ನಿಂತವು. ಮಗ್ಗದ ಊರಿನಲ್ಲಿ ಹುಟ್ಟಿದವರಿಗೆ ಆ ನಿಶ್ಶಬ್ದ ಬಿಡುವಿನ ಹೊತ್ತು, ಬೀಡಿ ಹಚ್ಚುವ ಹೊತ್ತು. ಕೆಚ್ಚುವಾಕೆಯ ಕೈ ಎಳೆಯ ಮೇಲೆ ಹಾಗೇ ನಿಂತಿತು. ಹೆಗಲು ಮೇಲಕ್ಕೆದ್ದಿತು. ಆಮೇಲೆ ಬೂದಿಯ ಬೆರಳುಗಳು ಕಿವಿಗೆ ಹೋದವು. ಗೋಡೆಯತ್ತ ತಿರುಗಿ, ಹಲ್ಲು ಕಚ್ಚಿಕೊಂಡು ತೆಲುಗಿನಲ್ಲಿ ಯಾರಿಗೋ ಉತ್ತರ ಕೊಡತೊಡಗಿದಳು. ನಾನು ಹತ್ತಿರ ಹೋದೆ.

"ಪೊಮ್ಮಂಟುನ್ನಾರು," ಎಂದಳು. ಹೋಗು ಅಂತಿದಾರೆ.

"ಯಾರಮ್ಮ?"

"ಅವ್ರೇ. ಹಿತ್ಲು ಬಾಗ್ಲಲ್ಲಿ ನಿಂತ್ಕೊಂಡು ಎಲ್ರೂ. ಮಗ್ಗ ಆಡ್ತಿದ್ರೆ ಕೇಳ್ಸಲ್ಲ." ಆಕೆಯ ಕಣ್ಣು ನನ್ನ ಕಂಕುಳಿನ ರಿಜಿಸ್ಟರಿನ ಮೇಲೆ ಬಿತ್ತು. "ನೀವೂ ಅದನ್ನೇ ಹೇಳಕ್ಕೆ ಬಂದ್ರಾ?"

"ಇಲ್ಲ," ಎಂದೆ.

ಡ್ಯೂಟಿಯಲ್ಲಿ ನಾನು ಸುಳ್ಳು ಹೇಳಿದವಳಲ್ಲ. ಅದೊಂದು ಹೇಳಿದೆ. "ಎರಡು ಗಂಟೆ ಆಯ್ತು, ಕೋಣೆ ತೆಗೀಬೇಕು. ಏಳು, ಹೋಗೋಣ," ಎಂದೆ. ಆಕೆ ನನ್ನ ಸೆರಗಿನ ತುದಿ ಹಿಡಿದು ಒಮ್ಮೆ ಎಳೆದು ನೋಡಿ ಎದ್ದಳು. ಬಾಗಿಲಲ್ಲಿ ಯಜಮಾನರು ತಲೆ ಕೆರೆದುಕೊಳ್ಳುತ್ತ ನಿಂತಿದ್ದರು. "ಗೋಡೆ ಪಕ್ಕದ ಕೋಣೆ ಕೇಳಿದ್ದು ಇದಕ್ಕಾ?" ಎಂದರು. ಹೌದೆಂದು ತಲೆಯಾಡಿಸಿದೆ. ಬಸ್ಸಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಅಂದು ರಿಜಿಸ್ಟರಿನಲ್ಲಿ ಆಕೆಯ ಹೆಸರನ್ನು ಕೆಳಗೆ ಹೊಸದಾಗಿ ಬರೆದೆ. ಮೇಲಿನ ಕೆಂಪು ಗೆರೆ ಹಾಗೇ ಉಳಿಯಿತು. ರಿಜಿಸ್ಟರಿನಲ್ಲಿ ಅಳಿಸುವ ಅಭ್ಯಾಸ ನನಗಿಲ್ಲ. ನಿಯಮವನ್ನು ಮಾತ್ರ ಬದಲಿಸಿದೆ: ಹೆಸರು ಹೊಡೆಯುವ ಮೊದಲು ಹೋಗಿ ನೋಡಿ ಬರಬೇಕು.

ಚೆನ್ನಾಗಿರುವ ದಿನವೂ ಮಾತ್ರೆ ನುಂಗಬೇಕು ಎಂದು ಒಪ್ಪಿಸಲು ಒಂದು ತಿಂಗಳು ಹಿಡಿಯಿತು. "ಸದ್ದಿರೋ ದಿನ ನಾನು ಸರಿಯಾಗೇ ಇರ್ತೀನಲ್ಲ, ಸುಮ್ನೆ ಯಾಕೆ ನುಂಗೋದು?" ಎಂಬುದು ಆಕೆಯ ವಾದ. "ಎಲ್ಲಾ ಎಳೇನೂ ಕೆಚ್ಚದೆ ಒಂದ್ ಬಿಟ್ಟು ಒಂದ್ ಕೆಚ್ಚಿದ್ರೆ ಸೀರೆ ಆಗತ್ತಾ?" ಎಂದೆ. ಆಕೆ "ನಿಮಗ್ಯಾರು ಇದನ್ನ ಹೇಳ್ಕೊಟ್ಟಿದ್ದು?" ಎಂದು ಗುಮಾನಿಯಿಂದ ಕೇಳಿ, ಒಪ್ಪಿದಳು.

ಮಾತ್ರೆಯಿಂದ ಆ ದನಿಗಳು ತಗ್ಗಿದವೇ ಹೊರತು ಪೂರ್ತಿ ಹೋಗಲಿಲ್ಲ. ಕರೆಂಟ್ ಇಲ್ಲದ ಎರಡು ಗಂಟೆಗೆ ಏನಾದರೂ ಸದ್ದು ಬೇಕಿತ್ತು. ನೂಲು ಸುತ್ತುವ ಹಳೆಯ ಕೈರಾಟೆ ತರಿಸಿದೆ. ತಿರುಗಿಸಿ ನೋಡಿ, "ಇದು ಸೊಳ್ಳೆ," ಎಂದು ಪಕ್ಕಕ್ಕಿಟ್ಟಳು. ಛತ್ರದ ಅಡುಗೆಮನೆಯಲ್ಲಿ ಮದುವೆಗಳಿಗೆಂದು ಇಟ್ಟಿದ್ದ ದೊಡ್ಡ ಒರಳುಕಲ್ಲಿತ್ತು. ಒಂದು ದಿನ ನೋಡುತ್ತೇನೆ, ಕೆಚ್ಚುವಾಕೆ ಅದರ ಮುಂದೆ ಕಾಲು ಚಾಚಿ ಕುಳಿತು ಗುಂಡುಕಲ್ಲನ್ನು ಬರಿದೇ ತಿರುಗಿಸುತ್ತಿದ್ದಾಳೆ. ಗರಗರ ಸದ್ದು ಇಡೀ ಛತ್ರಕ್ಕೆ ಕೇಳುತ್ತಿದೆ. ಆಕೆಯ ಮುಖದಲ್ಲಿ ಮಗ್ಗದ ಹಿಂದೆ ಕೆಚ್ಚುವಾಗಿನ ಅದೇ ಶಾಂತಿ.

ಬರಿದೇ ತಿರುಗಿಸಿದರೆ ಕಲ್ಲು ಸವೆಯುತ್ತದೆ. ಮರುದಿನ ನನ್ನ ಮನೆಯ ಅಕ್ಕಿ, ಉದ್ದು ನೆನೆಸಿ ತಂದೆ.

ಸುದ್ದಿ ಬೀದಿಗೆ ಹಬ್ಬಿತು. ಕರೆಂಟ್ ಇಲ್ಲದಿದ್ದರೆ ಮಗ್ಗದಂತೆ ಮಿಕ್ಸಿಯೂ ನಿಲ್ಲುತ್ತದಲ್ಲ. ಮನೆಯ ಒರಳುಗಳನ್ನು ಎಲ್ಲರೂ ಹಿತ್ತಿಲಿಗೆ ಉರುಳಿಸಿದ್ದ ಕಾಲ ಅದು. ಆದರೂ ನಮ್ಮ ಕೋಣೆಗೆ ಆ ಬೀದಿಯ ಹೆಂಗಸರು ಇಟ್ಟಿದ್ದ ಹೆಸರು ಬೇರೆ, "ಹುಚ್ಚರ ಛತ್ರ". ಯಾರೂ ಹೊಸ್ತಿಲು ತುಳಿಯುತ್ತಿರಲಿಲ್ಲ. ಮೊದಲು ಬಂದದ್ದು ಮಗ್ಗದ ಯಜಮಾನರ ಹೆಂಡತಿ. ಸೆರಗಿನಡಿಯಿಂದ ಪಾತ್ರೆ ತೆಗೆದು, "ನಾಳೆ ನಾದಿನಿ ಗಂಡ ಬರ್ತಾರೆ ಸಿಸ್ಟರಮ್ಮ, ದೋಸೆ ಆಗ್ಲೇಬೇಕು. ನಮ್ಮನೆಯೋರ್ಗೆ ಹೇಳ್ಬೇಡಿ," ಎಂದರು. ಹಿಟ್ಟು ಮುಗಿಯುವವರೆಗೂ ಒರಳಿನ ಪಕ್ಕ ಕದಲದೆ ನಿಂತರು. ಏನಾದರೂ ಬೆರೆಸಿಬಿಟ್ಟರೆ ಎಂಬ ಭಯ ಕಣ್ಣಲ್ಲೇ ಕಾಣುತ್ತಿತ್ತು.

ನನಗೆ ಸಿಟ್ಟು ಬಂತು. "ಕೂತ್ಕೊಳ್ಳಮ್ಮ, ಪೊಲೀಸ್ ಥರ ಯಾಕೆ ನಿಂತಿದೀಯ?" ಎಂದೆ.

ಕೆಚ್ಚುವಾಕೆ ಕಲ್ಲು ನಿಲ್ಲಿಸದೆಯೇ ಹೇಳಿದಳು. "ನೋಡ್ಲಿ ಬಿಡಿ ಸಿಸ್ಟರಮ್ಮ. ನೋಡ್ದೆ ತಿನ್ನೋರು ದಡ್ಡರು."

ಯಜಮಾನರ ಹೆಂಡತಿ ನಕ್ಕುಬಿಟ್ಟರು. ಮುಂದಿನ ವಾರ ನಾಲ್ಕು ಪಾತ್ರೆ ಬಂದವು. ಆಮೇಲೆ ಸಾಲು. ಪಾತ್ರೆಯ ಜೊತೆ ಬಂದವರು ಮೊದಮೊದಲು ನಿಂತೇ ಇರುತ್ತಿದ್ದರು, ನಂತರ ಚಾಪೆಯ ಅಂಚಿನಲ್ಲಿ ಕುಳಿತರು, ಕೊನೆಗೆ ಪಾತ್ರೆ ಬಿಟ್ಟು ಮನೆಗೆ ಹೋಗಿ ನಾಲ್ಕಕ್ಕೆ ಬಂದು ಒಯ್ಯತೊಡಗಿದರು. ಉಳಿದ ಒಂಬತ್ತು ಜನರಲ್ಲಿ ಮೂವರು ಸರದಿಯ ಮೇಲೆ ಕಲ್ಲು ಹಿಡಿಯಲು ಕಲಿತರು. ಆದರೂ ಒಬ್ಬಿಬ್ಬರು ಕಡೆಯವರೆಗೂ ನಂಬಲಿಲ್ಲ. ಒಬ್ಬಾಕೆ ಹಿಟ್ಟಿನ ಪಾತ್ರೆಯನ್ನು ಮನೆಗೊಯ್ದು ಮೊದಲ ದೋಸೆಯನ್ನು ನಾಯಿಗೆ ಹಾಕುತ್ತಿದ್ದಳು. ಕೆಚ್ಚುವಾಕೆಗೆ ಇದು ಗೊತ್ತಾದಾಗ ಬೇಸರಪಡಲಿಲ್ಲ. "ನಾಯಿಗೆ ಒಳ್ಳೇದಾಯ್ತು," ಎಂದಳು.

ಆಕೆಯೂ ಯಾರನ್ನೂ ನಂಬಲಿಲ್ಲ. ಏಳು ವರ್ಷ ಪ್ರತಿದಿನ ನಾನು ಮೊದಲ ಗುಟುಕು ಕುಡಿದೆ. ಜ್ವರವಿದ್ದ ದಿನ ಕುಡಿದೆ, ಉಪವಾಸದ ದಿನ ಕುಡಿದೆ. ಆಸ್ಪತ್ರೆಯಿಂದ ನಿವೃತ್ತಳಾದ ದಿನ ಹೂವಿನ ಹಾರ ಕೊರಳಲ್ಲಿದ್ದಂತೆಯೇ ಬಂದು ಕುಡಿದೆ. ಹಾರವನ್ನು ಎಳೆದು ನೋಡಿ, "ನಾರು ಗಟ್ಟಿಯಿಲ್ಲ," ಎಂದಳು.

ತೊಂಬತ್ತೆಂಟರ ಕಾರ್ತಿಕದಲ್ಲಿ ಆಕೆಯ ಎದೆಯ ಕೆಮ್ಮು ಬಲವಾಯಿತು. ಆಸ್ಪತ್ರೆಗೆ ಸೇರಿಸಿದೆವು. ಮೂರನೆಯ ದಿನ ಮಾತ್ರೆಯ ಹೊತ್ತಿಗೆ ಕೆಂಪು ದಾರದ ಚೊಂಬು ಒಯ್ದೆ. ರೂಢಿಯಂತೆ ನನ್ನ ಬಾಯಿಗೆ ಎತ್ತಿದೆ. ಆಕೆ ಕೈ ಚಾಚಿದಳು.

"ಸಾಕು, ಕೊಡಿ."

"ನಾನಿನ್ನೂ ಕುಡಿದಿಲ್ಲ."

"ಎಷ್ಟ್ ದಿನ ಎಳ್ದು ನೋಡೋದು? ಕೊಡಿ."

ನನ್ನ ಗುಟುಕಿಲ್ಲದೆ ಆಕೆ ನುಂಗಿದ್ದು ಅದೊಂದೇ ಮಾತ್ರೆ. ಮಾರನೆಯ ಬೆಳಿಗ್ಗೆ ಎಂಟಕ್ಕೆ ತೀರಿಕೊಂಡಳು. ಗಂಡನ ಊರಿಗೆ ಹೇಳಿ ಕಳಿಸುವುದೇ ಎಂದು ಯಜಮಾನರು ಕೇಳಿದರು. ರಿಜಿಸ್ಟರಿನಲ್ಲಿ ಊರಿನ ಕಲಮಿಗೆ ನಾನು ಬರೆದದ್ದು "ಇಲ್ಲೇ" ಎಂದು. "ಬೇಡ, ಇಲ್ಲೇ ಮಾಡೋಣ," ಎಂದೆ.

ಹನ್ನೊಂದರ ಹೊತ್ತಿಗೆ ದೇಹವನ್ನು ಆಕೆಯ ಕೋಣೆಯ ಮುಂದೆ, ಮಗ್ಗದ ಗೋಡೆಗೆ ಒತ್ತಿದಂತೆ ಮಲಗಿಸಿದರು. ಆ ಬೀದಿಯಲ್ಲೊಂದು ಪದ್ಧತಿಯಿದೆ. ಸಾವಾದರೆ ಹೆಣ ಬೀದಿ ದಾಟುವವರೆಗೂ ಯಾರೂ ಮಗ್ಗ ಆಡಿಸುವುದಿಲ್ಲ. ಅದು ಸತ್ತವರಿಗೆ ಸಲ್ಲಿಸುವ ಮರ್ಯಾದೆ. ಯಜಮಾನರು ರೂಢಿಯಂತೆ ಒಳಗೆ ಹೋಗಿ ಮೇನ್ ಸ್ವಿಚ್ಚಿಗೆ ಕೈ ಹಾಕಿದರು. ಹಾಕಿದ ಕೈಯನ್ನು ಹಾಗೇ ಇಟ್ಟುಕೊಂಡು ನನ್ನತ್ತ ತಿರುಗಿದರು.

"ಬೇಡ ಅಲ್ವಾ ಸಿಸ್ಟರಮ್ಮ?"

"ಬೇಡ," ಎಂದೆ.

ಹನ್ನೆರಡೂ ಮಗ್ಗ ಆಡುತ್ತಲೇ ಇದ್ದವು. ಅವರು ಎದುರು ಮನೆಗಳಿಗೂ ಹೋಗಿ, ನಿಲ್ಲಿಸಿದ್ದವರಿಗೆ ಮತ್ತೆ ಹಾಕಿರೆಂದು ಹೇಳಿಬಂದರು. ಬೀದಿಯಲ್ಲಿ ಗುಸುಗುಸು ಎದ್ದಿತು. "ಸ್ವಂತದೋರಾಗಿದ್ರೆ ನಿಲ್ಲಿಸ್ತಿರಲಿಲ್ವಾ? ಪರದೇಶಿ ಹೆಣ ಅಂತ ತಾತ್ಸಾರ," ಎಂದು ಒಬ್ಬ ಹಿರಿಯರು ಎಲ್ಲರಿಗೂ ಕೇಳಿಸುವಂತೆ ಹೇಳಿದರು. ಯಜಮಾನರ ಮುಖ ಕೆಂಪಾಯಿತು, ಆದರೂ ಸ್ವಿಚ್ಚಿನ ಕಡೆ ಹೋಗಲಿಲ್ಲ. ನನ್ನ ಕಣ್ಣು ಕೈಗಡಿಯಾರದ ಮೇಲಿತ್ತು. ಆಗ ಮತ್ತೆ ಕರೆಂಟಿನ ಅಭಾವ. ಅಂದು ನಮ್ಮ ಸರದಿ. ಎರಡಕ್ಕೆ ಹೋಗುತ್ತದೆ. ಅಷ್ಟರೊಳಗೆ ಬೀದಿ ದಾಟಬೇಕು.

ಒಂದೂಕಾಲಿಗೆ ಹೂವು ಬಂದಿರಲಿಲ್ಲ. ಒಂದೂವರೆಗೆ ಬಂತು. ಹೊರುವವರಲ್ಲಿ ಒಬ್ಬ ಬೀಡಿಗೆಂದು ಹೋಗಿದ್ದ, ಕರೆಸಿದೆ. "ಸಾವಿನ ಮನೇಲೂ ಸಿಸ್ಟರಮ್ಮಂದು ಡ್ಯೂಟಿ ಟೈಮು ನೋಡಪ್ಪಾ," ಎಂದು ಯಾರೋ ಅಂದರು. ಅನ್ನಲಿ. ಒಂದು ಐವತ್ತಕ್ಕೆ ಎತ್ತಿದರು. ಎರಡೂ ಬದಿಯ ಮನೆಗಳಿಂದ ಮಗ್ಗಗಳು ಬಡಿಯುತ್ತಿದ್ದವು. ಆ ಸದ್ದಿನ ನಡುವೆ ಹೋಗು ಎಂದು ಯಾರು ಹೇಳಿದರೂ ಕೇಳಿಸುವಂತಿರಲಿಲ್ಲ. ಒಂದು ಐವತ್ತೇಳಕ್ಕೆ ಬೀದಿಯ ತಿರುವು ದಾಟಿದರು. ನಾನು ತಿರುವಿನಲ್ಲೇ ನಿಂತೆ. ಮೂರು ನಿಮಿಷದ ಮೇಲೆ ಇಡೀ ಬೀದಿ ನಿಶ್ಶಬ್ದವಾಯಿತು.

ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಎರಡು ನಲವತ್ತಕ್ಕೆ ಕೋಣೆ ತೆರೆದೆ. ಹತ್ತು ಜನರ ಜಾಗದಲ್ಲಿ ಒಂಬತ್ತು ಜನ ಕುಳಿತರು. ಮಾತ್ರೆ ಕೊಟ್ಟೆ. ಒರಳಿನ ಪಕ್ಕದಲ್ಲಿ ಯಜಮಾನರ ಹೆಂಡತಿಯ ಪಾತ್ರೆಯಿತ್ತು. ಹಿಂದಿನ ದಿನವೇ ಕೊಟ್ಟುಹೋಗಿದ್ದು, ಅಕ್ಕಿ ಹುಳಿಯಾಗುವುದರಲ್ಲಿತ್ತು. ಕಲ್ಲಿನ ಮುಂದೆ ಕುಳಿತೆ. ನನಗೆ ಆ ಕೆಲಸ ಅಭ್ಯಾಸವಿಲ್ಲ, ತೋಳು ನೋಯತೊಡಗಿತು. ನಾಲ್ಕರವರೆಗೂ ನಿಲ್ಲಿಸದೆ ತಿರುಗಿಸಿದೆ. ಹಿಟ್ಟನ್ನು ಬಳಿದು ಪಾತ್ರೆಗೆ ತುಂಬಿ ತಟ್ಟೆ ಮುಚ್ಚಿದೆ, ಕಲ್ಲು ತೊಳೆದೆ, ಕೆಂಪು ದಾರದ ಚೊಂಬನ್ನು ಬೋರಲು ಹಾಕಿದೆ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿದೆ.